ಮಲೆನಾಡಿನ ದಾರಿಗೆ ಕಾರನ್ನು ಆರಿಸುವ, ಕಾಪಾಡುವ ಮತ್ತು ನಡೆಸುವ ಬಗೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾರಿಗೆ ಒಂದೇ ಬಗೆಯ ರಸ್ತೆ ಎಂಬುದಿಲ್ಲ. ಬೆಳಿಗ್ಗೆ ತೋಟದ ಮಣ್ಣುದಾರಿಯಲ್ಲಿ ಒಂದನೇ ಗೇರಿನಲ್ಲಿ ತೆವಳಿದ ಗಾಡಿಯೇ ಮಧ್ಯಾಹ್ನ ಚನ್ನರಾಯಪಟ್ಟಣದ ಬಳಿಯ ನಾಲ್ಕು ಪಥದ ಹೆದ್ದಾರಿಯಲ್ಲಿ ಓಡುತ್ತಿರುತ್ತದೆ, ಸಂಜೆಗೆ ಕೊಟ್ಟಿಗೆಹಾರದ ಮಂಜಿನಲ್ಲಿ ದಾರಿ ತಡಕುತ್ತಿರುತ್ತದೆ. ಹೀಗಾಗಿ ಇಲ್ಲಿ ಕಾರು ಕೊಳ್ಳುವವರು ಮೊದಲು ವಿಚಾರಿಸುವುದು ಗಾಡಿ ಗಟ್ಟಿಯಾಗಿದೆಯೇ ಎಂಬುದನ್ನು. ಆ ಒಂದು ಪ್ರಶ್ನೆಯೊಳಗೆ ಎರಡು ಬೇರೆ ಪ್ರಶ್ನೆಗಳಿವೆ: ಹದಿನೈದು ವರ್ಷ ಬಾಳುತ್ತದೆಯೇ, ಮತ್ತು ಡಿಕ್ಕಿಯಾದ ಆ ಒಂದು ಕ್ಷಣದಲ್ಲಿ ಒಳಗಿರುವವರನ್ನು ಉಳಿಸುತ್ತದೆಯೇ. ಮೊದಲನೆಯದಕ್ಕೆ ಒಳ್ಳೆಯ ಉತ್ತರ ಕೊಡುವ ಎಷ್ಟೋ ಗಾಡಿಗಳು ಎರಡನೆಯದರಲ್ಲಿ ಸೋಲುತ್ತವೆ. ತಯಾರಕರು ಕೊಡುವ ರಕ್ಷಣೆಗೆ ಒಂದು ಮಿತಿಯಿದೆ. ಅದನ್ನು ವರ್ಷವರ್ಷವೂ ಸವೆಯದಂತೆ ಉಳಿಸುವುದು ಮಾಲೀಕರ ಕೆಲಸ, ಆ ಮಿತಿಯನ್ನು ದಾಟದಂತೆ ಓಡಿಸುವುದು ಚಾಲಕರ ಕೆಲಸ. ಮುಂದೆ ಹೇಳಿರುವುದನ್ನೆಲ್ಲ ಈ ನೋಟದಿಂದಲೇ ಓದಬೇಕೆಂದು ಕೋರುತ್ತೇನೆ.

ಕೊಳ್ಳುವ ಮೊದಲು

ಬಾಗಿಲನ್ನು ಮುಚ್ಚಿ ಸದ್ದು ಕೇಳುವುದು, ಬಾನೆಟ್ಟಿನ ತಗಡನ್ನು ಬೆರಳಿನಿಂದ ಒತ್ತಿ ನೋಡುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ಪರೀಕ್ಷೆ. ಇದರಿಂದ ಸುರಕ್ಷತೆಯ ಬಗ್ಗೆ ತಿಳಿಯುವುದು ತೀರ ಕಡಿಮೆ, ಏಕೆಂದರೆ ಡಿಕ್ಕಿಯ ಹೊಡೆತವನ್ನು ತಾಳುವುದು ಹೊರಗಿನ ತಗಡಲ್ಲ, ಅದರ ಒಳಗಿರುವ ಉಕ್ಕಿನ ಚೌಕಟ್ಟು. ಇಂದಿನ ಕಾರುಗಳಲ್ಲಿ ಮುಂಭಾಗವನ್ನು ಬೇಕೆಂದೇ ಮುದುಡುವಂತೆಯೂ, ಜನ ಕೂರುವ ಭಾಗವನ್ನು ಮುದುಡದಂತೆಯೂ ಕಟ್ಟಿರುತ್ತಾರೆ. ಮರ್ಸಿಡಿಸ್-ಬೆಂಜ್ ಕಂಪನಿಯ ಇಂಜಿನಿಯರ್ ಬೇಲಾ ಬರೇನಿ 1950ರ ದಶಕದ ಆರಂಭದಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. 1959ರಲ್ಲಿ ಅದು ಮಾರಾಟದ ಕಾರಿಗೆ ಬಂತು. ಇದರ ಹಿಂದಿನ ಲೆಕ್ಕ ಸರಳವಾಗಿದೆ. ಒಂದೇ ವೇಗದಲ್ಲಿ ಬಂದ ಗಾಡಿ ಕೇವಲ 10 ಸೆಂಟಿಮೀಟರಿನೊಳಗೆ ನಿಂತರೆ ದೇಹದ ಮೇಲೆ ಬೀಳುವ ಸರಾಸರಿ ಬಲ, 50 ಸೆಂಟಿಮೀಟರ್ ಮುದುಡಿ ನಿಂತಾಗ ಬೀಳುವ ಬಲದ ಐದು ಪಟ್ಟಾಗುತ್ತದೆ. ಆದ್ದರಿಂದ ಅಪಘಾತವಾದ ಹೊಸ ಕಾರಿನ ಮೂತಿ ನಜ್ಜುಗುಜ್ಜಾಗಿರುವುದನ್ನು ಕಂಡು 'ಈಗಿನ ಗಾಡಿಗಳಲ್ಲಿ ಏನೂ ಇಲ್ಲ' ಎನ್ನುವುದು ತಪ್ಪು ತೀರ್ಮಾನ. ನೋಡಬೇಕಾದದ್ದು ಮೂತಿಯನ್ನಲ್ಲ, ಚಾಲಕನ ಬಾಗಿಲು ಕೈಯಲ್ಲೇ ತೆರೆದುಕೊಂಡಿತೇ, ಸ್ಟಿಯರಿಂಗ್ ಎದೆಯ ಕಡೆಗೆ ಬಂದಿದೆಯೇ ಎಂಬುದನ್ನು.

ಹಳೆಯದೇ ಗಟ್ಟಿ ಎಂಬ ನಂಬಿಕೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2009ರಲ್ಲಿ ಪರೀಕ್ಷೆಗೆ ಒಡ್ಡಿತು. 1959ರ ಷೆವ್ರೊಲೆ ಬೆಲ್ ಏರ್ ಎಂಬ ಭಾರಿ ಕಾರನ್ನೂ 2009ರ ಷೆವ್ರೊಲೆ ಮಾಲಿಬು ಕಾರನ್ನೂ ತಲಾ 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಗುದ್ದಿಸಲಾಯಿತು. ಹಳೆಯ ಕಾರಿನಲ್ಲಿ ಚಾಲಕ ಕೂರುವ ಜಾಗವೇ ಕುಸಿಯಿತು, ಅಲ್ಲಿ ಮನುಷ್ಯನಿದ್ದಿದ್ದರೆ ಬದುಕುವುದು ಕಷ್ಟವಿತ್ತು. ಹೊಸದರಲ್ಲಿ ಕಾಲಿಗೆ ಸಣ್ಣ ಪೆಟ್ಟಾಗುವಷ್ಟರಲ್ಲಿ ಮುಗಿಯಿತು. ತೋಟದ ಕೆಲಸಕ್ಕೆ ಇಂದಿಗೂ ಅತ್ಯುತ್ತಮವಾದ ಹಳೆಯ ಜೀಪಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಗೆ ಹೋಗುವ ಮುನ್ನ ಇದನ್ನು ನೆನೆಯಬೇಕು. ಅದರ ಚಾಸಿ ಎಷ್ಟು ಗಟ್ಟಿಯೋ ಹೊಡೆತವನ್ನು ಅಷ್ಟೇ ನೇರವಾಗಿ ಒಳಗೆ ಕೂತವರಿಗೆ ದಾಟಿಸುತ್ತದೆ.

ಹೊಸ ಕಾರು ಕೊಳ್ಳುವವರು ಭಾರತ್ ಎನ್‌ಕ್ಯಾಪ್ ಎಂಬ, ಐದರವರೆಗೆ ನಕ್ಷತ್ರಗಳ ದರ್ಜೆ ಕೊಡುವ ಡಿಕ್ಕಿ ಪರೀಕ್ಷೆಯ ಫಲಿತಾಂಶವನ್ನು ನೋಡಲಿ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಈ ಪರೀಕ್ಷೆಯಲ್ಲಿ ಕಾರಿನ ಮುಂಭಾಗದ ಒಂದು ಬದಿಯನ್ನು 64 ಕಿ.ಮೀ. ವೇಗದಲ್ಲಿ ತಡೆಗೆ ಗುದ್ದಿಸುತ್ತಾರೆ, ಪಕ್ಕದಿಂದ 50 ಕಿ.ಮೀ. ವೇಗದಲ್ಲಿ ಹೊಡೆಸುತ್ತಾರೆ, ದೊಡ್ಡವರ ರಕ್ಷಣೆಗೆ 32, ಮಕ್ಕಳ ರಕ್ಷಣೆಗೆ 49 ಅಂಕಗಳಿವೆ. ಷೋರೂಮಿನಲ್ಲಿ ನಕ್ಷತ್ರಗಳನ್ನಷ್ಟೇ ತೋರಿಸುತ್ತಾರೆ, ಆದರೆ ಎರಡೂ ಅಂಕಗಳನ್ನು ಬಿಡಿಸಿ ಕೇಳಬೇಕು, ಪರೀಕ್ಷೆಗೆ ಒಳಗಾದ ಗಾಡಿಯಲ್ಲಿ ಇದ್ದ ಸಲಕರಣೆಗಳು ನೀವು ಕೊಳ್ಳುವ ಮಾದರಿಯಲ್ಲೂ ಇವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದು ಕಡ್ಡಾಯದ ಪರೀಕ್ಷೆಯಲ್ಲವಾದ್ದರಿಂದ ಫಲಿತಾಂಶವೇ ಇಲ್ಲದ ಕಾರುಗಳೂ ಮಾರುಕಟ್ಟೆಯಲ್ಲಿವೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಐದು ನಕ್ಷತ್ರ ದೊರೆತಿರುವುದು 64 ಕಿ.ಮೀ. ವೇಗದ ಡಿಕ್ಕಿಗೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗುದ್ದಿದರೆ ಚೌಕಟ್ಟು ಅರಗಿಸಿಕೊಳ್ಳಬೇಕಾದ ಶಕ್ತಿ ಅದರ ಸುಮಾರು ಎರಡೂವರೆ ಪಟ್ಟಾಗಿರುತ್ತದೆ, ಅದಕ್ಕೆ ಯಾವ ನಕ್ಷತ್ರವೂ ಭರವಸೆ ಕೊಟ್ಟಿಲ್ಲ.

ಬಜೆಟ್ ಬಿಗಿಯಿದ್ದರೆ ಸನ್‌ರೂಫ್, ದೊಡ್ಡ ಪರದೆಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇರುವ ಮಾದರಿಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಒದ್ದೆ ತಿರುವಿನಲ್ಲಿ ಗಾಡಿ ಜಾರಲು ತೊಡಗಿದಾಗ ಅದು ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ವರ್ಷದ ನಾಲ್ಕು ತಿಂಗಳು ರಸ್ತೆ ಒದ್ದೆಯಾಗಿಯೇ ಇರುವುದರಿಂದ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಲಕರಣೆ ಇನ್ನೊಂದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಯಾರಿಯ ವರ್ಷವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ, ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ. ಮುಂದಿನ ಸೀಟಿನ ಇನ್ನೊಬ್ಬರ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಗಾಡಿಯಲ್ಲಿ ಇವು ಇಲ್ಲದಿರಬಹುದು. ಇಗ್ನಿಷನ್ ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಹೊತ್ತದೇ ಇದ್ದರೂ ಆರದೇ ಇದ್ದರೂ ಒಳಗೆ ತೊಂದರೆಯಿದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ಚೀಟಿಯ ಮೇಲಿನ ವರ್ಷವನ್ನು ಗಾಡಿಯ ವರ್ಷದೊಂದಿಗೆ ಹೋಲಿಸಿ ನೋಡಿ, ಬಾಗಿಲ ಕಂಬಗಳ ರಬ್ಬರನ್ನು ಬಿಡಿಸಿ ಕಾರ್ಖಾನೆಯ ಬೆಸುಗೆಯ ಚುಕ್ಕೆಗಳು ಸಮನಾಗಿವೆಯೇ ಎಂದು ಪರಿಶೀಲಿಸಿ. ಟಿಂಕರಿಂಗ್ ಮಾಡಿ ಬಣ್ಣ ಬಳಿದ ಕಂಬ ನೋಡಲು ಹೊಸದರಂತೆಯೇ ಇರಬಹುದು, ಇನ್ನೊಂದು ಹೊಡೆತಕ್ಕೆ ಅದು ಮೊದಲಿನಂತೆ ನಿಲ್ಲುವುದಿಲ್ಲ.

ಬೆಲ್ಟು, ಮಡಿಲು, ಹಿಂದಿನ ಸೀಟು

ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೊಹ್ಲಿನ್ ರೂಪಿಸಿದರು, ಬೇರೆ ಕಂಪನಿಗಳೂ ಬಳಸಲಿ ಎಂದು ಆ ಪೇಟೆಂಟನ್ನು ಮುಕ್ತವಾಗಿ ಬಿಡಲಾಯಿತು. ಏರ್‌ಬ್ಯಾಗ್ ಬೆಲ್ಟಿಗೆ ಬದಲಿ ಅಲ್ಲ. ಬೆಲ್ಟ್ ಕಟ್ಟಿದವರ ದೇಹ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಮುಂದಕ್ಕೆ ಬರುತ್ತದೆಂಬ ಲೆಕ್ಕದ ಮೇಲೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಬೆಲ್ಟಿಲ್ಲದೆ ಮುಂದಕ್ಕೆ ಎಸೆಯಲ್ಪಟ್ಟವರಿಗೆ ಅದೇ ಒಂದು ಹೊಡೆತವಾಗಬಹುದು. ಎದೆಗೂ ಸ್ಟಿಯರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರುವಂತೆ ಸೀಟನ್ನು ಹೊಂದಿಸಿಕೊಳ್ಳಿ; ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಅದರ ಕೆಳಗೆ ಮೂಳೆಯ ಮೇಲೆ ಕೂರಬೇಕು, ಗರ್ಭಿಣಿಯರಿಗೂ ಹೀಗೆಯೇ. ಸೀಟಿನಲ್ಲೇ ಪಕ್ಕದ ಏರ್‌ಬ್ಯಾಗ್ ಇರುವ ಗಾಡಿಗೆ ಹೊರಗಿನ ದಪ್ಪ ಸೀಟ್ ಕವರ್ ಹಾಕಿಸಬಾರದು. ಕಾಡುಪ್ರಾಣಿಗಳ ಭಯಕ್ಕೆಂದು ಮುಂದೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಅದು ಮುಂಭಾಗ ಮುದುಡುವ ಕ್ರಮವನ್ನೂ ಏರ್‌ಬ್ಯಾಗ್ ಉಬ್ಬುವ ಸಮಯವನ್ನೂ ಕೆಡಿಸುತ್ತದೆ, ದಾರಿಹೋಕರಿಗಂತೂ ಮಾರಕ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿತ್ತು.

ಹಿಂದಿನ ಸೀಟಿನವರು ಬೆಲ್ಟ್ ಕಟ್ಟದಿರುವುದು, ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವುದು, ಈ ಎರಡನ್ನು ಬಿಡಿಸುವುದು ಬಹಳ ಕಷ್ಟ, ಏಕೆಂದರೆ ಎರಡರ ಹಿಂದೆಯೂ ಸಲಿಗೆ ಮತ್ತು ಪ್ರೀತಿ ಇವೆ. ಆದರೂ ಲೆಕ್ಕವನ್ನು ಮನೆಯಲ್ಲಿ ಕೂತು ಹೇಳಲೇಬೇಕು. ಗಂಟೆಗೆ 50 ಕಿ.ಮೀ. ವೇಗದ ಡಿಕ್ಕಿಯಲ್ಲಿ ದೇಹದ ತೂಕದ ಇಪ್ಪತ್ತು ಪಟ್ಟಿನಷ್ಟು ಬಲ ಸಹಜ. 10 ಕಿಲೋ ತೂಗುವ ಮಗುವನ್ನು ಆಗ ಹಿಡಿದಿಡಲು 200 ಕಿಲೋ ಎತ್ತುವ ಕೈ ಬೇಕು. ಹಿಂದೆ ಕೂತ ದೊಡ್ಡವರು ಬೆಲ್ಟ್ ಕಟ್ಟದಿದ್ದರೆ ತಾವೂ ಉಳಿಯುವುದಿಲ್ಲ, ಮುಂದಿನವರ ಬೆನ್ನ ಮೇಲೆ ಬಿದ್ದು ಅವರ ಪ್ರಾಣಕ್ಕೂ ಎರವಾಗುತ್ತಾರೆ. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೂ ಬೆಲ್ಟ್ ಇಲ್ಲವೇ ಚೈಲ್ಡ್ ಸೀಟ್ ಹಾಕಿಸುವ ಹೊಣೆ ಚಾಲಕರದ್ದು. ಚೈಲ್ಡ್ ಸೀಟನ್ನು ಹಿಂದಿನ ಸೀಟಿನಲ್ಲಿ ಕಾರಿನ ಚೌಕಟ್ಟಿಗೇ ಬೆಸೆದಿರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ; ಹಿಂಬದಿಗೆ ಮುಖ ಮಾಡುವ ಎಳೆಗೂಸಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬೇಡಿ.

ಮೃಗಶಿರಾ ಮಳೆ ಹಿಡಿಯುವ ಮೊದಲು

ಮಲೆನಾಡಿನಲ್ಲಿ ಕಾರಿನ ಆಯುಷ್ಯವನ್ನು ತಿನ್ನುವುದು ತುಕ್ಕು. ತೋಟದ ಕೆಸರು ಚಕ್ರದ ಮೇಲಿನ ಸಂದುಗಳಲ್ಲಿ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಉಕ್ಕಿನ ಭಾಗದಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಉಕ್ಕು ಪದರಪದರವಾಗಿ ಏಳುತ್ತಿರುತ್ತದೆ. ಬಾಳಿಕೆ ಮತ್ತು ಸುರಕ್ಷತೆ ಒಂದಾಗುವ ಜಾಗ ಇದೇ: ಪಕ್ಕದಿಂದ ಹೊಡೆತ ಬಿದ್ದಾಗ ಭಾರವನ್ನು ಹೊರಬೇಕಾದ ಭಾಗ ಅದು, ತುಕ್ಕು ತಿಂದ ಮೇಲೆ ಐದು ನಕ್ಷತ್ರದ ಗಾಡಿಯೂ ಐದು ನಕ್ಷತ್ರದ್ದಾಗಿ ಉಳಿಯುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ ಅಡಿಭಾಗವನ್ನು ನೀರಿನ ಒತ್ತಡದಿಂದ ತೊಳೆಸಿ, ಪೂರ್ತಿ ಒಣಗಿದ ಮೇಲಷ್ಟೇ ತುಕ್ಕು ನಿರೋಧಕ ಲೇಪನ ಹಾಕಿಸಬೇಕು. ಒದ್ದೆಯ ಮೇಲೆ ಬಳಿದ ಲೇಪನ ನೀರನ್ನು ಒಳಗೇ ಮುಚ್ಚಿಡುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲಿರುವ ನೀರು ಹೋಗುವ ತೂತುಗಳನ್ನು ಲೇಪನದಿಂದ ಮುಚ್ಚಿಬಿಡದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ಟೈರಿನ ವಿಷಯಕ್ಕೆ ಬಂದರೆ, ಕಾರಿನ ಟೈರಿನ ಗೀರು ಕಾನೂನಿನ ಪ್ರಕಾರ 1.6 ಮಿ.ಮೀ. ಆಳಕ್ಕಿಂತ ಕಡಿಮೆಯಾಗಬಾರದು, ಆದರೆ ನಮ್ಮ ಮಳೆಗೆ ಆ ಆಳ ಸಾಲದು, 3 ಮಿ.ಮೀ. ತಲುಪಿದಾಗಲೇ ಬದಲಿಸುವುದು ಕ್ಷೇಮ. ಗೀರಿಗೆ ನೀರನ್ನು ಹೊರದಬ್ಬಲಾಗದಿದ್ದರೆ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಆಗ ಬ್ರೇಕ್ ಆಗಲಿ ಸ್ಟಿಯರಿಂಗ್ ಆಗಲಿ ಎಬಿಎಸ್ ಆಗಲಿ ಏನೂ ಮಾಡಲಾಗದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ, 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರ. ಕಡಿಮೆ ಓಡಿದ ಗಾಡಿಯಲ್ಲಿ ಗೀರು ಉಳಿದಿದ್ದರೂ ರಬ್ಬರು ಹಳತಾಗಿ ಬಿರುಕು ಬಿಟ್ಟಿರುತ್ತದೆ. ಸ್ಟೆಪ್ನಿಯ ವರ್ಷವನ್ನೂ ನೋಡಲು ಮರೆಯಬೇಡಿ. ಗಾಳಿಯ ಒತ್ತಡ ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಬರೆದಿರುತ್ತಾರೆ, ಟೈರು ತಣ್ಣಗಿರುವಾಗ ಅಳೆಸಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಬ್ರೇಕ್ ಆಯಿಲನ್ನು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯುವುದು 230 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ತೇವ ಹೀರಿದ ಮೇಲೆ ಅದು 155 ಡಿಗ್ರಿಯವರೆಗೂ ಇಳಿಯಬಹುದು. ಘಾಟಿಯ ಇಳಿಜಾರಿನಲ್ಲಿ ಕಾದ ಬ್ರೇಕಿಗೆ ಆ ಶಾಖವನ್ನು ತಲುಪುವುದು ಕಷ್ಟವಲ್ಲ. ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆಯಾದರೆ ಪೆಡಲ್ ನೆಲದವರೆಗೆ ಹೋದರೂ ಗಾಡಿ ನಿಲ್ಲದು. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಿ. ಸರ್ವೀಸಿನಲ್ಲಿ ಕಡಿಮೆಯಾದಷ್ಟನ್ನು ಸುರಿದು ತುಂಬಿಸಿದರೆ ಹಳೆಯ ತೇವ ಹಾಗೆಯೇ ಉಳಿಯುತ್ತದೆ. ವೈಪರ್ ಬ್ಲೇಡ್, ಹೆಡ್‌ಲೈಟಿನ ಮಬ್ಬು, ಲೋವರ್ ಆರ್ಮಿನ ಬುಷ್, ಷಾಕ್ ಅಬ್ಸಾರ್ಬರಿನ ಸೋರಿಕೆ, ಇಲಿ ಕಡಿದ ವೈರುಗಳು, ಇವನ್ನೂ ಅದೇ ದಿನ ನೋಡಿಸಿಬಿಡಬಹುದು.

ಘಾಟಿಯಲ್ಲಿ

ಮುಳ್ಳಯ್ಯನಗಿರಿಯ ತುದಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್, ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್. ಮೇಲೆ ಕಾರು ನಿಲ್ಲಿಸುವ ಜಾಗದಿಂದ ಪಟ್ಟಣಕ್ಕೆ ಇಳಿಯುವಾಗ ಸುಮಾರು 750 ಮೀಟರ್ ಎತ್ತರ ಕಳೆಯುತ್ತದೆ ಎಂದಿಟ್ಟುಕೊಳ್ಳಿ. ಜನರ ಸಮೇತ 1,400 ಕಿಲೋ ತೂಗುವ ಕಾರಿನಲ್ಲಿ ಈ ಇಳಿತದಿಂದ ಹೊರಬರುವ ಶಕ್ತಿ ಎರಡು ಬಿಂದಿಗೆ, ಅಂದರೆ ಸುಮಾರು 30 ಲೀಟರ್ ತಣ್ಣೀರನ್ನು ಕುದಿಸುವಷ್ಟಿರುತ್ತದೆ. ಇದಿಷ್ಟನ್ನೂ ಬ್ರೇಕ್ ಪ್ಯಾಡುಗಳ ಮೇಲೆ ಹಾಕಬಾರದು, ಬಹುಪಾಲನ್ನು ಇಂಜಿನ್ ಹೊರಬೇಕು. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಚಾಲಕರ ನಿಯಮ ಇಂದಿಗೂ ಸರಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಎಲ್ ಅಥವಾ ಮ್ಯಾನುಯಲ್ ಸ್ಥಾನಕ್ಕೆ ಹಾಕಿಕೊಳ್ಳಬೇಕು. ಬ್ರೇಕನ್ನು ಉದ್ದಕ್ಕೂ ಸವರುತ್ತ ಇಳಿಯುವ ಬದಲು ತಿರುವಿಗೆ ಮೊದಲು ದೃಢವಾಗಿ ಒತ್ತಿ ವೇಗ ತಗ್ಗಿಸಿ, ಬಳಿಕ ಪೂರ್ತಿ ಬಿಟ್ಟು ತಣಿಯಲು ಅವಕಾಶ ಕೊಡಬೇಕು. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಕಾದ ಡಿಸ್ಕಿಗೆ ನೀರು ಎರಚದೆ, ತಾನಾಗಿ ಆರುವವರೆಗೆ ಕಾಯಬೇಕು.

ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಯುವವರನ್ನು ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ಕಾಣುತ್ತೇವೆ. ಇದರಿಂದ ಉಳಿತಾಯವೂ ಇಲ್ಲ. ಈಗಿನ ಇಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ತಾವೇ ನಿಲ್ಲಿಸುತ್ತವೆ, ನ್ಯೂಟ್ರಲ್ಲಿನಲ್ಲಿ ಐಡ್ಲಿಂಗಿಗಾಗಿ ಉರಿಸುತ್ತಲೇ ಇರುತ್ತವೆ. ಇಂಜಿನ್ ಆಫ್ ಮಾಡಿ ಇಳಿಯುವುದಂತೂ ಆತ್ಮಹತ್ಯೆಗೆ ಸಮ. ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಬ್ರೇಕಿನ ಬೂಸ್ಟರಿಗೆ ಬೇಕಾದ ನಿರ್ವಾತ ಎರಡು ಮೂರು ಒತ್ತಿಗೆ ಮುಗಿದುಹೋಗಿ ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗೂ ಬಿಗಿಯುತ್ತದೆ. ಎಲೆಕ್ಟ್ರಿಕ್ ಕಾರಿನವರು ಬೆಟ್ಟದ ಮೇಲಿನ ಹೋಂಸ್ಟೇಯಲ್ಲಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಬಾರದು, ತುಂಬಿದ ಬ್ಯಾಟರಿಗೆ ಇಳಿಜಾರಿನ ಶಕ್ತಿಯನ್ನು ಹಿಂದಕ್ಕೆ ಪಡೆಯಲು ಜಾಗವಿರುವುದಿಲ್ಲ, ಆಗ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ.

ಕಿರಿದಾದ ಬೆಟ್ಟದ ದಾರಿಯಲ್ಲಿ ಹತ್ತುತ್ತಿರುವ ಗಾಡಿಗೆ ಮೊದಲ ದಾರಿ. ಇಳಿಯುವವರು ಬದಿಗೆ ನಿಲ್ಲಿಸಿ ಬಿಡಬೇಕೆಂಬುದು ರಸ್ತೆ ನಿಯಮ. ಸೀತಾಳಯ್ಯನಗಿರಿಯ ರಸ್ತೆಯಲ್ಲಿ ವಾರಾಂತ್ಯಕ್ಕೆ ಬಂದವರು ಇದನ್ನು ಪಾಲಿಸಿದರೆ ಅರ್ಧ ದಟ್ಟಣೆ ತಾನಾಗಿ ಕರಗುತ್ತದೆ. ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಾಗ ತಾಳ್ಮೆ ಕೆಡುವುದು ಸಹಜ, ಆದರೂ ಕಾಣದ ತಿರುವಿನಲ್ಲಿ ಓವರ್‌ಟೇಕ್ ಮಾಡಬೇಡಿ. ಒದ್ದೆ ರಸ್ತೆಯಲ್ಲಿ 60 ಕಿ.ಮೀ. ವೇಗದ ಕಾರು, ಚಾಲಕ ಅಪಾಯವನ್ನು ಕಂಡು ಬ್ರೇಕಿಗೆ ಕಾಲಿಡುವ ಒಂದು ಸೆಕೆಂಡಿನಲ್ಲೇ 17 ಮೀಟರ್ ಸಾಗಿರುತ್ತದೆ, ಒಳ್ಳೆಯ ಟೈರಿದ್ದರೂ ನಿಲ್ಲಲು ಮತ್ತೆ ಸುಮಾರು 35 ಮೀಟರ್ ಬೇಕು. ಎದುರಿನಿಂದ ಬರುವವರಿಗೂ ಅಷ್ಟೇ ಬೇಕು. ಎಬಿಎಸ್ ಇರುವ ಗಾಡಿಯಲ್ಲಿ ತುರ್ತು ಬ್ರೇಕ್ ಹಾಕಿದಾಗ ಪೆಡಲ್ ಕಾಲಿನಡಿಯಲ್ಲಿ ನಡುಗಿದರೆ ಹೆದರಿ ಕಾಲು ತೆಗೆಯಬೇಡಿ; ಒತ್ತಿಹಿಡಿದೇ ಸ್ಟಿಯರಿಂಗನ್ನು ತಿರುಗಿಸಿ ಅಡ್ಡಿಯನ್ನು ತಪ್ಪಿಸಲು ಅದು ಇರುವುದು. ಜಲ್ಲಿ ಹರಡಿದ ರಸ್ತೆಯಲ್ಲಿ ಎಬಿಎಸ್ ಇದ್ದರೂ ನಿಲ್ಲುವ ದೂರ ಹೆಚ್ಚಾಗಬಹುದು ಎಂಬುದೂ ಗೊತ್ತಿರಲಿ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ಮರಳುತ್ತದೆ, ಡಿಮ್ ಮತ್ತು ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರುಗಳನ್ನು ಮಿಟುಕಿಸುತ್ತ ಓಡಿಸಿದರೆ ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ಹಿಂದಿನವರಿಗೆ ತಿಳಿಯದು. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆಯ ಕಡೆ ಆನೆ ರಸ್ತೆಗೆ ಬಂದಿದ್ದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯದೆ, ಹೆಡ್‌ಲೈಟನ್ನು ಮಿಂಚಿಸದೆ, ಅದು ದಾಟುವವರೆಗೆ ಕಾಯಿರಿ.

ಹೊಣೆ ಯಾರದ್ದು

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪಿಕಪ್ ಗಾಡಿಗಳ ಹಿಂದೆ ಕಾರ್ಮಿಕರು ನಿಂತು ಹೋಗುವ ನೋಟ ನಮಗೆ ಎಷ್ಟು ರೂಢಿಯಾಗಿದೆ ಎಂದರೆ ಅದು ಕಣ್ಣಿಗೆ ಚುಚ್ಚುವುದೇ ಇಲ್ಲ. ಮಾಲೀಕನ ಕಾರಿನಲ್ಲಿ ಆರು ಏರ್‌ಬ್ಯಾಗ್, ಅವನ ತೋಟಕ್ಕೆ ದುಡಿಯಲು ಬರುವವರಿಗೆ ಹಿಡಿಯಲು ಒಂದು ಕಂಬಿ ಎಂಬ ಸ್ಥಿತಿಯನ್ನು ಯಾವ ಕಾರಣ ಹೇಳಿಯೂ ಒಪ್ಪಲಾಗದು. ಸರಕು ಗಾಡಿಯನ್ನು ಜನ ಸಾಗಿಸಲು ವಿನ್ಯಾಸ ಮಾಡಿಲ್ಲ, ಅದರಲ್ಲಿ ಜನರನ್ನು ಹೀಗೆ ತುಂಬಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ. ಸೀಟಿರುವ ಬಾಡಿಗೆ ಗಾಡಿಯನ್ನು ಗೊತ್ತುಮಾಡುವ ಖರ್ಚು ಕೊಯ್ಲಿನ ಖರ್ಚಿನೊಳಗೇ ಸೇರಬೇಕು.

ಮನೆಯ ಹುಡುಗನಿಗೆ ಹದಿನೆಂಟು ತುಂಬುವ ಮೊದಲೇ ತೋಟದ ದಾರಿಯಲ್ಲಿ ಕಲಿಸಿ, ಬಳಿಕ ಪೇಟೆಯವರೆಗೆ ಕೀ ಕೊಟ್ಟು ಕಳಿಸುವ ರೂಢಿಯೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ಕುಡಿತದ ಬಗ್ಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ಘಾಟಿಯ ದಾರಿಗೆ ಅಷ್ಟೂ ಹೆಚ್ಚು. ನಿದ್ದೆಗೆ ಅಳತೆಯಿಲ್ಲ, ಆದ್ದರಿಂದಲೇ ಅದು ಇನ್ನೂ ಅಪಾಯಕರ. ಬೆಂಗಳೂರಿನಿಂದ ರಾತ್ರಿ ಹೊರಟು ನಸುಕಿಗೆ ಬೆಟ್ಟ ಹತ್ತುವ ಯೋಜನೆ ಹಾಕುವವರು ಹಾಸನದಲ್ಲೇ ಉಳಿದು ಬೆಳಗಾದ ಮೇಲೆ ಹೊರಡುವುದು ಲೇಸು.

ಅಪಘಾತವಾದರೆ ಗಾಯಾಳುಗಳನ್ನು ಹತ್ತಿರದ ಆಸ್ಪತ್ರೆಗೆ ಸೇರಿಸುವುದೂ ಪೊಲೀಸರಿಗೆ ತಿಳಿಸುವುದೂ ಚಾಲಕರ ಕರ್ತವ್ಯ ಎಂದು ಅದೇ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ. 108 ಅಥವಾ 112ಕ್ಕೆ ಕರೆ ಮಾಡುವಾಗ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿಯನ್ನು ಹೇಳಿದರೆ ಆಂಬುಲೆನ್ಸ್ ಹುಡುಕುವುದು ತಪ್ಪುತ್ತದೆ. ಘಾಟಿಯ ಹಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ ಹಾದುಹೋಗುವ ಗಾಡಿಯವರ ಕೈಯಲ್ಲಿ ಸುದ್ದಿ ಕಳುಹಿಸಬೇಕಾಗಬಹುದು. ನೆರವಿಗೆ ನಿಂತ ದಾರಿಹೋಕರನ್ನು 134ಎ ಸೆಕ್ಷನ್ ರಕ್ಷಿಸುತ್ತದೆ, ಸದುದ್ದೇಶದಿಂದ ಮಾಡಿದ ನೆರವಿಗಾಗಿ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ರಿಪೇರಿಯ ಹೊತ್ತಿಗೆ ಬಣ್ಣಕ್ಕಿಂತ ಮೊದಲು ಕೇಳಬೇಕಾದವು ಬೇರೆ. ಏರ್‌ಬ್ಯಾಗ್ ಒಮ್ಮೆ ಉಬ್ಬಿದರೆ, ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆಯುವ ಪ್ರಿಟೆನ್ಷನರ್ ಒಮ್ಮೆ ಕೆಲಸ ಮಾಡಿದರೆ ಅವನ್ನು ಮತ್ತೆ ಬಳಸಲಾಗದು; ದೊಡ್ಡ ಡಿಕ್ಕಿಯಲ್ಲಿ ಎಳೆತಕ್ಕೆ ಸಿಕ್ಕ ಬೆಲ್ಟುಗಳನ್ನೂ ಚೈಲ್ಡ್ ಸೀಟನ್ನೂ ಹೊಸದಾಗಿ ಹಾಕಿಸಬೇಕು. ಮುದುಡಿದ ಚೌಕಟ್ಟಿನ ಭಾಗವನ್ನು ಬಡಿದು ನೇರಮಾಡದೆ ತಯಾರಕರು ಹೇಳಿದ ಜಾಗದಲ್ಲಿ ಕತ್ತರಿಸಿ ಬದಲಿಸಿದ್ದಾರೆಯೇ ಎಂದು ಬಿಲ್ಲಿನಲ್ಲಿ ನೋಡಿ, ಬಿಚ್ಚಿದ ಹಳೆಯ ಭಾಗಗಳನ್ನು ತೋರಿಸಲು ಕೇಳಿ, ವೀಲ್ ಅಲೈನ್‌ಮೆಂಟಿನ ಅಳತೆಯ ಚೀಟಿಯನ್ನು ಪಡೆದುಕೊಳ್ಳಿ. ಈ ಕಾಗದಗಳನ್ನೆಲ್ಲ ಆರ್‌ಸಿಯ ಜೊತೆಗೇ ಇಟ್ಟು, ಗಾಡಿಯನ್ನು ಮಾರುವ ದಿನ ಕೊಳ್ಳುವವರ ಕೈಗೆ ಕೊಡಿ. ಅವರ ಮನೆಯವರೂ ಅದರಲ್ಲಿ ಇದೇ ಘಾಟಿಗಳನ್ನು ಇಳಿಯುವವರು.